ಯುರೋಪಿನಲ್ಲಿ ದೇಶ ಬದಲಿಸಿ ಕೆಲಸ ಹುಡುಕುವುದು: ಕಾನೂನು ಸಲೀಸು, ಉಳಿದದ್ದೇ ಕಷ್ಟ

2013ರಲ್ಲಿ ಸ್ಪೇನಿನ ದುಡಿಮೆಗೆ ಇಳಿದಿದ್ದ 25 ವರ್ಷದೊಳಗಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಇರಲಿಲ್ಲ. ಗ್ರೀಸಿನದೂ ಅದೇ ಪಾಡು. ಅದೇ ವರ್ಷ ಜರ್ಮನಿಯಲ್ಲಿ ಈ ವಯಸ್ಸಿನವರ ನಿರುದ್ಯೋಗ ಶೇ 8ರ ಆಸುಪಾಸಿನಲ್ಲಿತ್ತು. ಅಪ್ರೆಂಟಿಸ್ ಹುಡುಗರೇ ಸಿಗುತ್ತಿಲ್ಲ ಎಂದು ಅಲ್ಲಿನ ಸಣ್ಣ ಕಾರ್ಖಾನೆಗಳು ಗೊಣಗುತ್ತಿದ್ದವು. ಮ್ಯಾಡ್ರಿಡ್‌ನ ಹುಡುಗ ಮ್ಯೂನಿಕ್‌ಗೆ ಹೋಗಲು ವೀಸಾ ಬೇಡ, ವರ್ಕ್ ಪರ್ಮಿಟ್ ಬೇಡ, ಯಾರ ಅಪ್ಪಣೆಯೂ ಬೇಡ. ಲೆಕ್ಕದ ಪ್ರಕಾರ ರೈಲು, ವಿಮಾನಗಳೆಲ್ಲ ತುಂಬಿ ತುಳುಕಬೇಕಿತ್ತು. ಹೋದವರು ಹೋದರು, ಆದರೆ ಅಂಥ ಗುಳೆಯೇನೂ ಏಳಲಿಲ್ಲ.

ಜರ್ಮನಿ ಸರ್ಕಾರವೇ ಆ ವರ್ಷ ಒಂದು ಯೋಜನೆ ತಂದು, ಯುರೋಪಿನ ಯುವಕರಿಗೆ ಭಾಷೆ ಕಲಿಸಿ, ಪ್ರಯಾಣದ ಖರ್ಚು ಕೊಟ್ಟು, ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳುತ್ತೇವೆ ಎಂದಿತು. ಅರ್ಜಿಗಳು ಎಷ್ಟು ಬಂದವೆಂದರೆ ಮರುವರ್ಷವೇ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಅಂದರೆ ಹೋಗುವ ಮನಸ್ಸು ಇತ್ತು. ಆದರೆ ಸೇರಿದವರಲ್ಲಿ ಸಾಕಷ್ಟು ಮಂದಿ ತರಬೇತಿ ಮುಗಿಸದೆ ವಾಪಸ್ ಹೋದರು. ಇವತ್ತಿಗೂ ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ, ತಮ್ಮದಲ್ಲದ ಸದಸ್ಯ ದೇಶದಲ್ಲಿ ನೆಲೆಸಿರುವ ದುಡಿಯುವ ವಯಸ್ಸಿನ ಒಕ್ಕೂಟದ ಪ್ರಜೆಗಳು ಹೆಚ್ಚುಕಡಿಮೆ ಒಂದು ಕೋಟಿ. ನೂರಕ್ಕೆ ನಾಲ್ವರ ಲೆಕ್ಕ. ದೇಶದಿಂದ ದೇಶಕ್ಕೆ ಹೋಗಿ ದುಡಿಯುವ ಹಕ್ಕು ಇದ್ದೂ ಅದನ್ನು ಬಳಸುವವರು ಇಷ್ಟು ಕಡಿಮೆ ಏಕೆ? ಬೆಂಗಳೂರಿನಿಂದ ಜರ್ಮನಿಗೋ ನೆದರ್ಲೆಂಡ್ಸ್‌ಗೋ ಹೋಗಿ, ಅಲ್ಲಿಂದ ಮುಂದಿನ ದೇಶದ ಕಡೆ ಕಣ್ಣು ಹಾಯಿಸುವ ನಮ್ಮವರಿಗೂ ಈ ಪ್ರಶ್ನೆ ಮುಖ್ಯ. ಅವರ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಅದಕ್ಕೆ ಆಮೇಲೆ ಬರೋಣ.

ಮೊದಲು ಕಾನೂನಿನ ಮಾತು. ನೌಕರರು ಸದಸ್ಯ ದೇಶಗಳೊಳಗೆ ಎಲ್ಲಿ ಬೇಕಾದರೂ ಹೋಗಿ ದುಡಿಯಬಹುದು ಎಂಬುದು ಒಕ್ಕೂಟಕ್ಕೆ ಬುನಾದಿ ಹಾಕಿದ 1957ರ ರೋಮ್ ಒಪ್ಪಂದದಲ್ಲೇ ಇದೆ. 1968ರ ಹೊತ್ತಿಗೆ ಅದು ಪೂರ್ತಿ ಜಾರಿಗೆ ಬಂತು. ಈ ಹಕ್ಕಿನ ತಾಕತ್ತು ಏನೆಂದು ಫುಟ್‌ಬಾಲ್ ನೋಡುವವರಿಗೆ ಗೊತ್ತು. ಬೆಲ್ಜಿಯಂನ ಆಟಗಾರ ಜಾನ್-ಮಾರ್ಕ್ ಬೊಸ್ಮನ್ 1990ರಲ್ಲಿ ಲಿಯೇಜ್ ಕ್ಲಬ್ಬಿನ ಕರಾರು ಮುಗಿಸಿ ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೊರಟಿದ್ದರು. ಕರಾರು ಮುಗಿದಿದ್ದರೂ ವರ್ಗಾವಣೆಯ ಹಣ ಬಾರದೆ ಬಿಡುವುದಿಲ್ಲ ಎಂದು ಹಳೆಯ ಕ್ಲಬ್ ಪಟ್ಟು ಹಿಡಿಯಿತು. 1995ರ ಡಿಸೆಂಬರ್ 15ರಂದು ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿನ ನ್ಯಾಯಾಲಯ ಬೊಸ್ಮನ್ ಪರವಾಗಿ ತೀರ್ಪು ಕೊಟ್ಟಿತು: ಆಟಗಾರನೂ ನೌಕರನೇ, ಕರಾರು ಮುಗಿದವನನ್ನು ಇನ್ನೊಂದು ಸದಸ್ಯ ದೇಶಕ್ಕೆ ಹೋಗದಂತೆ ಹಣಕ್ಕಾಗಿ ಕಟ್ಟಿಹಾಕುವಂತಿಲ್ಲ. ತಂಡದಲ್ಲಿ ಇಂತಿಷ್ಟೇ ವಿದೇಶಿಯರು ಎಂಬ ಮಿತಿಯೂ ಸದಸ್ಯ ದೇಶಗಳ ಪ್ರಜೆಗಳ ಮಟ್ಟಿಗೆ ಬಿದ್ದುಹೋಯಿತು. ಇವತ್ತಿನ ದೊಡ್ಡ ಕ್ಲಬ್ಬುಗಳ ಚಹರೆ ಬದಲಾದದ್ದು ಅಲ್ಲಿಂದ. ಐದು ವರ್ಷ ಕೋರ್ಟು ಅಲೆದ ಬೊಸ್ಮನ್‌ಗೆ ಮಾತ್ರ ಆಡುವ ವಯಸ್ಸೇ ಕಳೆದಿತ್ತು.

ಕೆಲಸ ಸಿಕ್ಕವನಿಗಷ್ಟೇ ಈ ಹಕ್ಕೋ, ಹುಡುಕುವವನಿಗೂ ಉಂಟೋ? 1991ರಲ್ಲಿ ಬ್ರಿಟನ್‌ನಲ್ಲಿದ್ದ ಬೆಲ್ಜಿಯಂ ಪ್ರಜೆಯೊಬ್ಬನ ಮೊಕದ್ದಮೆಯಲ್ಲಿ ಇದೂ ತೀರ್ಮಾನವಾಯಿತು. ಹುಡುಕಲು ನ್ಯಾಯವಾದ ಸಮಯ ಕೊಡಬೇಕು, ಆರು ತಿಂಗಳು ಸಾಕು ಎನ್ನಬಹುದು. ಆಮೇಲೂ ಆತ ನಿಜವಾಗಿ ಹುಡುಕುತ್ತಿದ್ದಾನೆ, ಸಿಗುವ ಸಂಭವವೂ ಇದೆ ಎಂದು ತೋರಿಸಿದರೆ ಹೊರಗೆ ಹಾಕುವಂತಿಲ್ಲ ಎಂದಿತು ನ್ಯಾಯಾಲಯ. ಒಕ್ಕೂಟದ 2004ರ ನಿರ್ದೇಶನವೂ (ಸದಸ್ಯ ದೇಶಗಳೆಲ್ಲ ಪಾಲಿಸಬೇಕಾದ ಕಾನೂನು) ಇದನ್ನೇ ಹೇಳುತ್ತದೆ. ಜೊತೆಗೆ ಒಂದು ಕೊಕ್ಕೆ: ಹಾಗೆ ಹುಡುಕುತ್ತಿರುವವನ ಹೊಟ್ಟೆಪಾಡಿಗೆ ಆ ದೇಶ ಸಹಾಯಧನ ಕೊಡಬೇಕೆಂದಿಲ್ಲ. ಉಳಿಯಬಹುದು, ಉಣ್ಣುವುದು ನಿನ್ನ ಜವಾಬ್ದಾರಿ.

ಇಷ್ಟೆಲ್ಲ ಆದ ಮೇಲೂ ಯುರೋಪಿನಲ್ಲಿ ಒಂದೇ ಉದ್ಯೋಗ ಮಾರುಕಟ್ಟೆ ಎಂಬುದಿಲ್ಲ. ಇರುವುದು 27 ಮಾರುಕಟ್ಟೆಗಳು. ಗಡಿಯಲ್ಲಿದ್ದ ಪೊಲೀಸ್ ಚೌಕಿ ಹೋಯಿತು. ಅದರ ಕೆಲಸವನ್ನು ಭಾಷೆ, ಸರ್ಟಿಫಿಕೇಟು, ಬಾಡಿಗೆ ಮನೆ, ಅರ್ಜಿ ಬರೆಯುವ ರೂಢಿ ಇವೆಲ್ಲ ತಮ್ಮೊಳಗೆ ಹಂಚಿಕೊಂಡಿವೆ. ಇವುಗಳಲ್ಲಿ ಯಾವುದೂ ಕಾನೂನಿಗೆ ವಿರುದ್ಧವಲ್ಲ. ಹಾಗಾಗಿ ಕೋರ್ಟಿಗೆ ಹೋದರೂ ಬಗೆಹರಿಯುವಂಥವಲ್ಲ.

ಭಾಷೆಯ ವಿಷಯದಲ್ಲಿ ನ್ಯಾಯಾಲಯ ಕೊಟ್ಟ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಡಬ್ಲಿನ್‌ನ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಡಚ್ ಕಲಾವಿದೆಯೊಬ್ಬರು ಪೂರ್ಣಾವಧಿ ಹುದ್ದೆಗೆ ಅರ್ಜಿ ಹಾಕಿದರು. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಆದರೂ ಐರಿಶ್ ಭಾಷೆಯ ಮೌಖಿಕ ಪರೀಕ್ಷೆ ಪಾಸಾಗಲಿಲ್ಲ ಎಂದು ಹುದ್ದೆ ಕೊಡಲಿಲ್ಲ. 1989ರಲ್ಲಿ ನ್ಯಾಯಾಲಯ ಐರ್ಲೆಂಡಿನ ಪರ ನಿಂತಿತು: ರಾಷ್ಟ್ರಭಾಷೆಯನ್ನು ಉಳಿಸಿ ಬೆಳೆಸುವ ನೀತಿ ಒಂದು ದೇಶಕ್ಕೆ ಇರಬಹುದು, ಅದರಲ್ಲಿ ಮೇಷ್ಟ್ರುಗಳ ಪಾತ್ರವೂ ಇದೆ, ಕೇಳಿದ್ದು ಅತಿಯಾಗದಿದ್ದರೆ ಸರಿ. ಹನ್ನೊಂದು ವರ್ಷದ ನಂತರ ಇಟಲಿಯ ಬೊಲ್ಜಾನೊದಿಂದ ಇನ್ನೊಂದು ಪ್ರಕರಣ ಬಂತು. ಇಟಾಲಿಯನ್ ಮತ್ತು ಜರ್ಮನ್ ಎರಡೂ ಮಾತಾಡುವ ಆ ಊರಿನಲ್ಲಿ ಒಂದು ಖಾಸಗಿ ಬ್ಯಾಂಕು ದ್ವಿಭಾಷಾ ಸರ್ಟಿಫಿಕೇಟ್ ಕೇಳಿತು. ಅದೂ ಬೊಲ್ಜಾನೊದ ಸ್ಥಳೀಯ ಆಡಳಿತ ಕೊಡುವಂಥದ್ದೇ ಆಗಬೇಕು ಎಂದಿತು. ಜರ್ಮನ್ ಮನೆಮಾತಾಗಿದ್ದ, ಆಸ್ಟ್ರಿಯಾದಲ್ಲಿ ಓದಿ ಬಂದಿದ್ದ ಅಭ್ಯರ್ಥಿಯ ಬಳಿ ಆ ಒಂದು ಕಾಗದ ಇರಲಿಲ್ಲ. 2000ದಲ್ಲಿ ತೀರ್ಪು ಅವನ ಕಡೆ ಬಂತು. ಭಾಷೆ ಗೊತ್ತಿರಬೇಕು ಎನ್ನಬಹುದು, ಅದನ್ನು ನಮ್ಮೂರಿನ ಕಾಗದದಿಂದಲೇ ಸಾಬೀತು ಮಾಡು ಎನ್ನುವಂತಿಲ್ಲ.

ಈ ಗೆರೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಯನ್ನು ಕರ್ನಾಟಕದ ಸಂಪುಟ ಒಪ್ಪಿ, ಗದ್ದಲ ಎದ್ದ ಕೂಡಲೇ ತಡೆಹಿಡಿದಾಗ ನಮ್ಮಲ್ಲಿ ನಡೆದ ಜಗಳದಲ್ಲಿ ಈ ಎರಡು ಪ್ರಶ್ನೆಗಳು ಕಲಸಿಹೋಗಿದ್ದವು. ಕೆಲಸಕ್ಕೆ ಕನ್ನಡ ಬೇಕೇ ಎಂಬುದು ಒಂದು, ಕೆಲಸ ಎಲ್ಲಿ ಹುಟ್ಟಿದವರಿಗೆ ಎಂಬುದು ಇನ್ನೊಂದು. ಯುರೋಪು ಮೊದಲನೆಯದಕ್ಕೆ ಜಾಗ ಬಿಟ್ಟು ಎರಡನೆಯದಕ್ಕೆ ಬಾಗಿಲು ಹಾಕಿದೆ.

ತೀರ್ಪಿನಾಚೆಗೆ ದಿನನಿತ್ಯದ ಸಂಗತಿ ಒರಟಾಗಿದೆ. ಬರ್ಲಿನ್, ಆ್ಯಮ್‌ಸ್ಟರ್‌ಡ್ಯಾಂಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಗ್ಲಿಷಿನಲ್ಲೇ ಬದುಕಬಹುದು. ಆ ಊರುಗಳನ್ನು ಬಿಟ್ಟು ಐವತ್ತು ಕಿಲೋಮೀಟರ್ ಆಚೆ ಬಂದರೆ ಅಕೌಂಟೆಂಟ್ ಹುದ್ದೆಯ ಜಾಹೀರಾತು, ಸಂದರ್ಶನ, ಕ್ಯಾಂಟೀನಿನ ಹರಟೆ ಎಲ್ಲ ಆ ದೇಶದ ಭಾಷೆಯಲ್ಲೇ. ಜರ್ಮನಿಯಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು (ಯುರೋಪಿನ ಭಾಷಾ ಮಟ್ಟಗಳು ಎ1ರಿಂದ ಸಿ2ರವರೆಗೆ ಏರುತ್ತವೆ). ಡಾಕ್ಟರಾದರೆ ರೋಗಿಯ ಜೊತೆ ಮಾತಾಡಿ, ಕೇಸ್ ಶೀಟ್ ಬರೆದು ತೋರಿಸುವ ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆ. ಶೂನ್ಯದಿಂದ ಬಿ2ಗೆ ಏರಲು ಸುಮಾರು 600 ಗಂಟೆಗಳ ಪಾಠವಾದರೂ ಬೇಕು ಎಂದು ಭಾಷಾ ಶಾಲೆಗಳು ಹೇಳುತ್ತವೆ. ಮ್ಯಾಡ್ರಿಡ್‌ನ ಹುಡುಗ ರೈಲು ಹತ್ತದಿದ್ದುದಕ್ಕೆ ಇದೊಂದೇ ಸಾಕಾಗಿತ್ತು.

ಇನ್ನು ಸರ್ಟಿಫಿಕೇಟು. 2005ರ ನಿರ್ದೇಶನದ ಪ್ರಕಾರ ಏಳು ವೃತ್ತಿಗಳಿಗೆ ಹೆಚ್ಚುಕಡಿಮೆ ತಾನೇ ತಾನಾಗಿ ಮಾನ್ಯತೆ ಸಿಗುತ್ತದೆ: ವೈದ್ಯರು, ದಂತವೈದ್ಯರು, ನರ್ಸ್‌ಗಳು, ಸೂಲಗಿತ್ತಿಯರು, ಪಶುವೈದ್ಯರು, ಫಾರ್ಮಸಿಸ್ಟ್‌ಗಳು, ವಾಸ್ತುಶಿಲ್ಪಿಗಳು. ನರ್ಸ್ ಓದು ಕನಿಷ್ಠ ಮೂರು ವರ್ಷ, 4,600 ಗಂಟೆ ಎಂದು ಎಲ್ಲ ದೇಶಗಳೂ ಒಪ್ಪಿಕೊಂಡಿರುವುದರಿಂದ ರೊಮೇನಿಯಾದ ನರ್ಸ್ ಬೆಲ್ಜಿಯಂನಲ್ಲೂ ನರ್ಸೇ. ಈ ಪಟ್ಟಿಯಲ್ಲಿಲ್ಲದ ನಿಯಂತ್ರಿತ, ಅಂದರೆ ನಿಗದಿತ ಅರ್ಹತೆ ಇದ್ದರಷ್ಟೇ ಮಾಡಬಹುದಾದ ವೃತ್ತಿಗಳಿಗೆ ಪ್ರತಿ ಅರ್ಜಿಯನ್ನೂ ಬೇರೆಬೇರೆಯಾಗಿ ತೂಗುತ್ತಾರೆ. ಮೇಷ್ಟ್ರುಗಳದ್ದಂತೂ ವಿಚಿತ್ರ ಪಾಡು. ಜರ್ಮನಿಯಲ್ಲಿ ಶಿಕ್ಷಣ 16 ರಾಜ್ಯಗಳ ಕೈಲಿದೆ, ಬಹುತೇಕ ರಾಜ್ಯಗಳು ಶಾಲಾ ಶಿಕ್ಷಕರಿಗೆ ಎರಡು ವಿಷಯ ಕಲಿಸುವ ಅರ್ಹತೆ ಇರಬೇಕು ಎನ್ನುತ್ತವೆ. ತನ್ನ ದೇಶದಲ್ಲಿ ಗಣಿತ ಒಂದನ್ನೇ ಓದಿ ಹದಿನೈದು ವರ್ಷ ಪಾಠ ಮಾಡಿದವರು ಅಲ್ಲಿ ಅರ್ಧ ಮೇಷ್ಟ್ರು. ಗಣಿತದ ಶಿಕ್ಷಕರು ಸಿಗುತ್ತಿಲ್ಲ ಎಂದು ಕೊರಗುವ ಶಾಲೆಯೇ ಇವರನ್ನು ಎರಡನೆಯ ವಿಷಯ ಓದಿಕೊಂಡು ಬನ್ನಿ ಎಂದು ಕಳಿಸುತ್ತದೆ. ಇದನ್ನು ಗುಣಮಟ್ಟದ ಕಾಳಜಿ ಎಂದು ಒಪ್ಪುವುದು ನನಗೆ ಕಷ್ಟ. ಸಾಫ್ಟ್‌ವೇರ್ ಎಂಜಿನಿಯರ್‌ಗೆ ಲೈಸೆನ್ಸ್ ಎಂಬುದೇ ಇಲ್ಲದ್ದರಿಂದ ಈ ಗೋಜು ಇಲ್ಲ. ದೇಶ ಬದಲಿಸುವವರ ಗುಂಪಿನಲ್ಲಿ ಅವರು ಎದ್ದು ಕಾಣುವುದಕ್ಕೆ ಇದೂ ಒಂದು ಕಾರಣ.

ಕಾಗದಪತ್ರ ಸರಿಯಿದ್ದರೂ ಅರ್ಜಿಯ ರೂಢಿ ಬೇರೆ. ಜರ್ಮನಿಯಲ್ಲಿ ಕೆಲಸ ಬಿಡುವಾಗ ನೌಕರಿ ಪ್ರಮಾಣಪತ್ರ ಪಡೆಯುವುದು ನೌಕರನ ಕಾನೂನುಬದ್ಧ ಹಕ್ಕು. ಮುಂದಿನ ಕಂಪನಿ ಅದನ್ನು ಸಾಲು ಸಾಲಾಗಿ ಓದುತ್ತದೆ. ಆ ಪತ್ರ ನೌಕರನ ಭವಿಷ್ಯಕ್ಕೆ ಅಡ್ಡಿಯಾಗದಂತೆ ಸೌಜನ್ಯದಿಂದಿರಬೇಕು, ಸುಳ್ಳೂ ಇರಬಾರದು. ಹೀಗಾಗಿ ಹೊಗಳಿಕೆಯಲ್ಲೇ ಅಂಕ ಕೊಡುವ ಪದ್ಧತಿ ಬೆಳೆದಿದೆ. ‘ನಮಗೆ ಪೂರ್ಣ ತೃಪ್ತಿಯಾಗುವಂತೆ ಕೆಲಸ ಮಾಡಿದರು’ ಎಂದಿದ್ದರೆ ಸಾಧಾರಣ ಎಂದರ್ಥ. ಅದಕ್ಕೆ ‘ಸದಾ’ ಸೇರಿದರೆ ಒಳ್ಳೆಯದು, ‘ಪೂರ್ಣ’ ಎಂಬುದು ‘ಸಂಪೂರ್ಣಾತಿಸಂಪೂರ್ಣ’ ಎಂಬಂಥ ವ್ಯಾಕರಣ ಮೀರಿದ ರೂಪ ತಾಳಿದರೆ ಅತ್ಯುತ್ತಮ. ‘ಪ್ರಯತ್ನಪಟ್ಟರು’ ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ಕಂಪನಿಗಳ ನಾಲ್ಕು ಸಾಲಿನ ರಿಲೀವಿಂಗ್ ಲೆಟರ್ ಹಿಡಿದು ಹೋದವರ ಮುಂದೆ ಅಲ್ಲಿನ ಎಚ್‌ಆರ್ ಗೊಂದಲಕ್ಕೆ ಬೀಳುವುದು ಸಹಜ. ಪೋರ್ಚುಗಲ್‌ನಿಂದ ಬಂದವರಿಗೂ ಅದೇ ಸಮಸ್ಯೆ.

ಹಾಗೂ ಹೀಗೂ ಕೆಲಸ ಸಿಕ್ಕಿತು ಎನ್ನಿ. ಜರ್ಮನಿಯಲ್ಲಿ ವಿಳಾಸ ನೋಂದಾಯಿಸಲು ಮನೆ ಮಾಲೀಕ ಬರೆದುಕೊಟ್ಟ ಚೀಟಿ ಬೇಕು. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದಿಲ್ಲದಿದ್ದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದ ತೆರಿಗೆ ಕತ್ತರಿಸುತ್ತಾರೆ. ಮನೆ ಕೊಡುವವರು ಕೇಳುವುದು ಕಳೆದ ಮೂರು ತಿಂಗಳ ಪೇ ಸ್ಲಿಪ್. ಈಗಷ್ಟೇ ದೇಶಕ್ಕೆ ಕಾಲಿಟ್ಟವರು ಅದನ್ನು ಎಲ್ಲಿಂದ ತರಬೇಕು? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಬಲ್ಲವರು ಮೊದಲ ಎರಡು ಮೂರು ತಿಂಗಳಿಗೆ, ನೋಂದಣಿಗೆ ಚೀಟಿ ಕೊಡುವ ಸಜ್ಜಾದ ಕೋಣೆಯನ್ನು ದುಬಾರಿಯಾದರೂ ಹಿಡಿದು, ಅಲ್ಲಿಂದ ಮುಂದೆ ಹುಡುಕುತ್ತಾರೆ. ಕೊಡುವುದಿಲ್ಲ ಎಂದರೆ ಎಷ್ಟು ಅಗ್ಗವಾದರೂ ಆ ಕೋಣೆಯನ್ನು ಬಿಡುವುದೇ ಲೇಸು.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲವೂ ಇದೆ. ಕೆಲಸ ಕಳೆದುಕೊಂಡು ನಿರುದ್ಯೋಗ ಭತ್ಯೆ ಪಡೆಯುತ್ತಿರುವವರು ಅದನ್ನು ಹೊತ್ತುಕೊಂಡೇ ಇನ್ನೊಂದು ದೇಶಕ್ಕೆ ಹೋಗಿ ಹುಡುಕಬಹುದು. ಇದಕ್ಕೆ ಯು2 ಎಂಬ ಫಾರಂ. ತಮ್ಮ ದೇಶದ ಉದ್ಯೋಗ ಕಚೇರಿಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ನೋಂದಾಯಿಸಿಕೊಂಡಿದ್ದು, ಹೊರಟ ಏಳು ದಿನದೊಳಗೆ ಹೊಸ ದೇಶದ ಕಚೇರಿಯಲ್ಲಿ ಹೆಸರು ಬರೆಸಬೇಕು. ಭತ್ಯೆ ಮೂರು ತಿಂಗಳು ಬರುತ್ತದೆ, ಹಳೆಯ ದೇಶ ಒಪ್ಪಿದರೆ ಆರು. ಫಾರಂ ಇಲ್ಲದೆ ಟಿಕೆಟ್ ತೆಗೆದವರಿಗೆ ಭತ್ಯೆ ನಿಂತುಹೋಗುವ ಅಪಾಯವಿದೆ. ಯು1 ಎಂಬ ಇನ್ನೊಂದು ಫಾರಂ ಇದೆ; ಒಂದು ದೇಶದಲ್ಲಿ ವಿಮೆ ಕಟ್ಟಿದ ತಿಂಗಳುಗಳನ್ನು ಮತ್ತೊಂದು ದೇಶದ ಲೆಕ್ಕಕ್ಕೆ ಕೂಡಿಸಲು ಅದು ಬೇಕಾಗುತ್ತದೆ. ದೇಶ ಬಿಡುವ ಮುಂಚೆ ತೆಗೆದಿಟ್ಟುಕೊಂಡರೆ ಆಮೇಲೆ ಪತ್ರ ಬರೆದು ಕಾಯುವುದು ತಪ್ಪುತ್ತದೆ. ಯುರೆಸ್ ಎಂಬ ಸರ್ಕಾರಿ ಉದ್ಯೋಗ ಜಾಲವೂ 1990ರ ದಶಕದಿಂದ ನಡೆಯುತ್ತಿದೆ. ಒಕ್ಕೂಟದ ದೇಶಗಳ ಜೊತೆ ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್, ಸ್ವಿಟ್ಜರ್ಲೆಂಡ್ ಸಹ ಅದರಲ್ಲಿವೆ. ಸಲಹೆಗಾರರ ಜೊತೆ ಮಾತಾಡಲು ದುಡ್ಡು ಕೊಡಬೇಕಿಲ್ಲ. ಕೆಲಸ ಕೊಡಿಸಲು ‘ಪ್ರೊಸೆಸಿಂಗ್ ಫೀಸ್’ ಕೇಳುವವರು ಯಾರೇ ಆಗಲಿ, ಆ ಮಾತನ್ನು ಅಲ್ಲಿಗೇ ಬಿಡುವುದು ವಾಸಿ.

ಇದೆಲ್ಲ ಯುರೋಪಿನ ಪಾಸ್‌ಪೋರ್ಟ್ ಉಳ್ಳವರ ಕಥೆ. ಭಾರತದ ಪಾಸ್‌ಪೋರ್ಟ್ ಹಿಡಿದು ಮ್ಯೂನಿಕ್‌ನಲ್ಲಿರುವ ಹುಬ್ಬಳ್ಳಿಯ ಎಂಜಿನಿಯರ್‌ಗೆ ಚೌಕಿ ಇನ್ನೂ ಗಡಿಯಲ್ಲೇ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ವಾರಾಂತ್ಯಕ್ಕೆ ಪ್ಯಾರಿಸ್ ನೋಡಿ ಬರಲು ಯಾರೂ ತಡೆಯುವುದಿಲ್ಲ. ಆದರೆ ಜರ್ಮನಿಯ ಪರವಾನಗಿಯ ಮೇಲೆ ಪ್ಯಾರಿಸ್ ಕಂಪನಿಯ ಸಂಬಳಕ್ಕೆ ಸೇರುವಂತಿಲ್ಲ. ಗಡಿ ತಪಾಸಣೆ ತೆಗೆದುಹಾಕಿದ ದೇಶಗಳ ಷೆಂಗೆನ್ ಏರ್ಪಾಡು ಎಂದರೆ ಓಡಾಟ ಮಾತ್ರ. ಈ ವ್ಯತ್ಯಾಸ ತಿಳಿಯದೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನ ಆಫರ್‌ಗೆ ಹ್ಞೂಂ ಎಂದು, ಮ್ಯೂನಿಕ್‌ನ ಕೆಲಸಕ್ಕೆ ನೋಟಿಸ್ ಕೊಟ್ಟ ಮೇಲೆ ತಲೆ ಮೇಲೆ ಕೈ ಹೊತ್ತುಕೊಳ್ಳುವುದು ಬೇಡ.

ಬ್ಲೂ ಕಾರ್ಡ್, ಅಂದರೆ ಒಕ್ಕೂಟದಾಚೆಯ ಪರಿಣತ ನೌಕರರಿಗೆ ಕೊಡುವ ದುಡಿಮೆ ಮತ್ತು ವಾಸದ ಪರವಾನಗಿ ಇದ್ದವರಿಗೆ ಒಂದು ಕಿಂಡಿ ಇದೆ. 2021ರ ಹೊಸ ನಿರ್ದೇಶನದ ಪ್ರಕಾರ ಮೊದಲ ದೇಶದಲ್ಲಿ 12 ತಿಂಗಳು ಮುಗಿಸಿದವರು ಕುಟುಂಬದ ಸಮೇತ ಎರಡನೆಯ ದೇಶಕ್ಕೆ ಹೋಗಿ, ಒಂದು ತಿಂಗಳೊಳಗೆ ಅಲ್ಲಿನ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕಬಹುದು. ಅರ್ಜಿ ಕೊಟ್ಟು ಹೆಚ್ಚೆಂದರೆ 30 ದಿನಕ್ಕೆ ಕೆಲಸ ಶುರುಮಾಡಬಹುದು. ಬೆಂಗಳೂರಿಗೆ ವಾಪಸ್ ಬಂದು ಹೊಸ ವೀಸಾಕ್ಕೆ ಸಾಲು ನಿಲ್ಲಬೇಕಿಲ್ಲ. ಆದರೆ ಸಂಬಳದ ಮಿತಿ ಆಯಾ ದೇಶದ್ದು. 2025ರಲ್ಲಿ ಜರ್ಮನಿಯ ಸಾಮಾನ್ಯ ಮಿತಿ ವರ್ಷಕ್ಕೆ 48,300 ಯೂರೊ, ಕೊರತೆಯಿರುವ ವೃತ್ತಿಗಳಿಗೂ ಹೊಸ ಪದವೀಧರರಿಗೂ 43,759.80. ಅದೇ ವರ್ಷ ನೆದರ್ಲೆಂಡ್ಸ್ ಬ್ಲೂ ಕಾರ್ಡ್‌ಗೆ ಕೇಳುತ್ತಿದ್ದುದು ರಜಾ ಭತ್ಯೆ ಬಿಟ್ಟು ತಿಂಗಳಿಗೆ 5,688 ಯೂರೊ, ಹೊಸ ಪದವೀಧರರಿಗೆ ಮಾತ್ರ ಸ್ವಲ್ಪ ರಿಯಾಯಿತಿ. ವರ್ಷಕ್ಕೆ ಗುಣಿಸಿದರೆ 68,256. ಜರ್ಮನಿಯಲ್ಲಿ 55,000ಕ್ಕೆ ನೆಮ್ಮದಿಯಾಗಿ ಬ್ಲೂ ಕಾರ್ಡ್ ಪಡೆದವರಿಗೆ ಅಷ್ಟೇ ಸಂಬಳದ ಡಚ್ ಕೆಲಸ ಸಿಕ್ಕಿದರೂ ಕಾರ್ಡ್ ಸಿಗದು. ಡಚ್ಚರ ಇನ್ನೊಂದು ದಾರಿ, ಪರಿಣತ ವಲಸಿಗರ ಪರವಾನಗಿ. ಅಲ್ಲಿ 30 ವರ್ಷದೊಳಗಿನವರಿಗೆ ಮಿತಿ ಕಡಿಮೆ, ಆದರೆ ಕಂಪನಿ ಸರ್ಕಾರದ ಮಾನ್ಯತೆ ಪಡೆದ ಪ್ರಾಯೋಜಕ ಆಗಿರಲೇಬೇಕು. ಆ ಕಂಪನಿಗಳ ಪಟ್ಟಿಯನ್ನು ಅಲ್ಲಿನ ವಲಸೆ ಇಲಾಖೆ ಬಹಿರಂಗವಾಗಿ ಹಾಕಿದೆ. ಅರ್ಜಿ ಹಾಕುವ ಮುಂಚೆ ಅದನ್ನು ಐದು ನಿಮಿಷ ನೋಡಿದರೆ ಐದು ವಾರದ ಸಂದರ್ಶನ ಉಳಿಯಬಹುದು.

ಐರ್ಲೆಂಡ್, ಡೆನ್ಮಾರ್ಕ್ ಎರಡೂ ಬ್ಲೂ ಕಾರ್ಡ್ ವ್ಯವಸ್ಥೆಯ ಹೊರಗಿವೆ. ಅಲ್ಲಿಗೆ ಹೋಗಬೇಕೆಂದರೆ ಜರ್ಮನಿಯ ವರ್ಷಗಳು ಲೆಕ್ಕಕ್ಕಿಲ್ಲ, ಹೊಸದಾಗಿ ಆರಂಭ. ಸ್ವಿಟ್ಜರ್ಲೆಂಡಂತೂ ಯುರೋಪಿನಾಚೆಯ ಪ್ರಜೆಗಳಿಗೆ ವರ್ಷಕ್ಕೆ 8,500 ಪರವಾನಗಿ ಎಂದು ಕೋಟಾ ಇಟ್ಟುಕೊಂಡಿದೆ.

ಜೋಡಿಯಾಗಿ ಹೊರಟವರಲ್ಲಿ ಒಬ್ಬರು ನರ್ಸೋ ದಂತವೈದ್ಯರೋ ಆಗಿದ್ದರೆ ಗಂಟು ಇನ್ನೂ ಬಿಗಿ. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಜರ್ಮನಿಯಲ್ಲಿ ಭಾಷೆ ಕಲಿತು, ಮಾನ್ಯತೆ ಪಡೆದವರ ಆ ಮಾನ್ಯತೆ ಆಸ್ಟ್ರಿಯಾಕ್ಕೆ ತಾನಾಗಿ ದಾಟುವುದಿಲ್ಲ. ಮಾನ್ಯ ಮಾಡಿದ ದೇಶದಲ್ಲಿ ಅದೇ ವೃತ್ತಿಯಲ್ಲಿ ಮೂರು ವರ್ಷ ದುಡಿದ ಮೇಲೆಯೇ ಹೊರಗಿನ ಪದವಿಗೆ ಯುರೋಪಿನ ಪದವಿಯ ಸಾಲಿನಲ್ಲಿ ಜಾಗ, ಆಗಲೂ ಪರಿಶೀಲನೆ ತಪ್ಪದು. ಗಂಡನ ಆಫರ್ ಲೆಟರ್ ನೋಡಿ ಎರಡನೇ ವರ್ಷಕ್ಕೆ ಊರು ಬದಲಿಸುವ ಮನೆಗಳಲ್ಲಿ ಹೆಂಡತಿಯ ವೃತ್ತಿ ಮತ್ತೆ ಮೊದಲ ಮೆಟ್ಟಿಲಿಗೆ ಬಂದು ನಿಲ್ಲುವುದು ಹೀಗೆ.

ಕಾಯಂ ವಾಸದ ವಿಷಯದಲ್ಲಿ ಬಹಳ ಮಂದಿ ಅವಸರಪಡುತ್ತಾರೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಇದ್ದವರಿಗೆ 27 ತಿಂಗಳಿಗೆ, ಬಿ1 ಜರ್ಮನ್ ಬಂದರೆ 21 ತಿಂಗಳಿಗೇ ಕಾಯಂ ಪರವಾನಗಿ ಸಿಗುತ್ತದೆ. ಸಿಹಿ ಹಂಚುವ ಸಂಗತಿಯೇ, ಸಂಶಯವಿಲ್ಲ. ಆದರೆ ಅದು ಜರ್ಮನಿಯೊಳಗಷ್ಟೇ ಕಾಯಂ. ಆಚೆಯ ದೇಶದಲ್ಲಿ ದುಡಿಯುವ ಹಕ್ಕು ಅದರಲ್ಲಿಲ್ಲ. ಐದು ವರ್ಷಕ್ಕೆ ಸಿಗುವ ‘ಇಯು ದೀರ್ಘಾವಧಿ ವಾಸಿ’ ಎಂಬ ಬೇರೊಂದು ಪರವಾನಗಿ ಇದೆ. ಅದಿದ್ದರೆ ಇನ್ನೊಂದು ಸದಸ್ಯ ದೇಶದಲ್ಲಿ ನೆಲೆಸಲು ಅರ್ಜಿ ಹಾಕುವ ಹಕ್ಕು ಬರುತ್ತದೆ, ಕೆಲವು ದೇಶಗಳು ಸ್ಥಳೀಯರು ಸಿಗುತ್ತಾರೆಯೇ ಎಂದು ಮೊದಲು ನೋಡುತ್ತವೆ, ನಿಜ. ಬ್ಲೂ ಕಾರ್ಡ್‌ನಲ್ಲಿ ಬೇರೆಬೇರೆ ಸದಸ್ಯ ದೇಶಗಳಲ್ಲಿ ಕಳೆದ ವರ್ಷಗಳನ್ನೂ ಈ ಐದಕ್ಕೆ ಕೂಡಿಸಬಹುದು, ಕೊನೆಯ ಎರಡು ಅರ್ಜಿ ಹಾಕುವ ದೇಶದಲ್ಲಿ ಕಳೆದಿರಬೇಕು. ಎರಡರ ಹೆಸರೂ ಒಂದೇ ಥರ ಕೇಳಿಸುವುದರಿಂದ ಮೊದಲನೆಯದನ್ನು ಹಿಡಿದು ಎರಡನೆಯದು ಸಿಕ್ಕಿತೆಂದು ತಿಳಿದವರು ಕಡಿಮೆಯಿಲ್ಲ.

ಎಲ್ಲ ಸುತ್ತುಗಳನ್ನೂ ಒಟ್ಟಿಗೆ ದಾಟಿಸುವುದು ಪೌರತ್ವ ಒಂದೇ. 2024ರ ಜೂನ್ 27ರಿಂದ ಜರ್ಮನಿಯಲ್ಲಿ ಐದು ವರ್ಷಕ್ಕೆ ಪೌರತ್ವ ಕೇಳಬಹುದು, ಹಳೆಯ ಪೌರತ್ವ ಬಿಡಿ ಎಂದು ಜರ್ಮನಿ ಈಗ ಹೇಳುವುದಿಲ್ಲ. ಬಿಡಿ ಎನ್ನುವುದು ಭಾರತ. ಅಲ್ಲಿಗೆ ನಮ್ಮವರ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಕೆಂಪು ಪಾಸ್‌ಪೋರ್ಟ್ ಬಂದರೆ 27 ದೇಶಗಳ ಜೊತೆಗೆ ಜ್ಯೂರಿಕ್, ಓಸ್ಲೊಗಳೂ ತೆರೆದುಕೊಳ್ಳುತ್ತವೆ; ಸಂಬಳದ ಮಿತಿ, ಪ್ರಾಯೋಜಕ ಕಂಪನಿ, 12 ತಿಂಗಳ ಕಾಯುವಿಕೆ ಯಾವುದೂ ಇಲ್ಲ. ಬದಲಿಗೆ ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಹಿಡಿದು ಊರಿಗೆ ಬರಬೇಕು. ಅದರಲ್ಲಿ ವೋಟು ಇಲ್ಲ. ಅಪ್ಪನ ಅಡಿಕೆ ತೋಟ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂದರೆ ಕೊಳ್ಳುವಂತಿಲ್ಲ. ಗಂಡ ಜರ್ಮನ್ ಪಾಸ್‌ಪೋರ್ಟ್ ಪಡೆದು ಹೆಂಡತಿ ಭಾರತದ್ದನ್ನೇ ಉಳಿಸಿಕೊಳ್ಳುವ ಏರ್ಪಾಡಿಗೆ ಕೆಲವರು ಬರುವುದು ಇದೇ ಕಾರಣಕ್ಕೆ. ಆಗ ಇಬ್ಬರೂ ವಿಯೆನ್ನಾಕ್ಕೆ ಹೊರಟರೆ ಒಕ್ಕೂಟದ ಪ್ರಜೆಯ ಪತ್ನಿಯಾಗಿ ಆಕೆಗೆ ಬೇರೆ ಬ್ಲೂ ಕಾರ್ಡ್ ಬೇಕಾಗುವುದಿಲ್ಲ. ಗಂಡನ ಹಕ್ಕಿನ ಮೇಲೆಯೇ ಅಲ್ಲಿ ದುಡಿಯಬಹುದು. ಗಂಡ ಜರ್ಮನ್ ಪ್ರಜೆಯಾಗಿ ಜರ್ಮನಿಯಲ್ಲೇ ಇದ್ದರೆ ಈ ಅನುಕೂಲ ಲಾಗೂ ಆಗದು, ಅಲ್ಲಿ ಆ ದೇಶದ್ದೇ ಕುಟುಂಬ ವೀಸಾದ ನಿಯಮಗಳು.